ನೀರು, ನೈರ್ಮಲ್ಯ ಮತ್ತು ಶುಚಿತ್ವದ ನೆರವು ಕೊನೆಯ ಮನೆಗೂ ತಲುಪಿತೇ? ಮೌಲ್ಯಮಾಪನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಮಹಿಳೆಯರು, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಮತ್ತು ಸಮಾಜಕಾರ್ಯ ಓದುತ್ತಿರುವ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇವೆ. ಉದಾಹರಣೆಗಳನ್ನು ಆದಷ್ಟೂ ನಮ್ಮ ಮಲೆನಾಡು ಮತ್ತು ಬಯಲುಸೀಮೆಯ ಸಂದರ್ಭದಿಂದಲೇ ಆರಿಸಿಕೊಂಡಿದ್ದೇವೆ.

ಮೌಲ್ಯಮಾಪನ ಎಂದರೇನು? ಲೆಕ್ಕಪರಿಶೋಧನೆಗೂ ಅದಕ್ಕೂ ಏನು ವ್ಯತ್ಯಾಸ?

ಹಣ ನಿಯಮದ ಪ್ರಕಾರ ಖರ್ಚಾಗಿದೆಯೇ ಎಂದು ನೋಡುವುದು ಲೆಕ್ಕಪರಿಶೋಧನೆ. ಒಪ್ಪಿಕೊಂಡ ಕೆಲಸ ಹೇಳಿದ ಅವಧಿಯಲ್ಲಿ ಸಾಗುತ್ತಿದೆಯೇ ಎಂದು ಆಗಾಗ ಗಮನಿಸುವುದು ಮೇಲ್ವಿಚಾರಣೆ. ಇವೆರಡೂ ಮುಗಿದ ಮೇಲೆ ಉಳಿಯುವ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಮೌಲ್ಯಮಾಪನ: ಈ ಕೆಲಸದಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು, ಯಾರಿಗೆ ಏನೂ ಬದಲಾಗಲಿಲ್ಲ, ಹಾಗೇಕಾಯಿತು? ಊರಿನ ತುದಿಯ ಕಾಲೊನಿಗೆ ಪೈಪ್ ಎಳೆದು ಮನೆಮನೆಗೆ ನಲ್ಲಿ ಹಾಕಿದ ಬಿಲ್ಲು ಸರಿಯಾಗಿರಬಹುದು, ಕೆಲಸವೂ ಸಮಯಕ್ಕೆ ಮುಗಿದಿರಬಹುದು. ಆದರೆ ಊರೊಳಗಿನ ನಲ್ಲಿಗಳೆಲ್ಲ ತೆರೆದಿರುವಾಗ ಆ ಕಾಲೊನಿಯ ಕೊನೆಯ ಮನೆಗೆ ನೀರು ಏರುತ್ತದೆಯೇ ಎಂಬುದು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ಅದನ್ನು ತಿಳಿಯಬೇಕಾದರೆ ನೀರು ಬಿಡುವ ಹೊತ್ತಿಗೆ ಆ ಮನೆಯ ಮುಂದೆ ನಿಂತು ನೋಡಬೇಕು.

‘ಮಾನವೀಯ ನೆರವು’ ಎಂಬುದು ಯುದ್ಧ, ನಿರಾಶ್ರಿತರ ಶಿಬಿರಗಳ ಮಾತಲ್ಲವೇ? ನಮ್ಮ ಜಿಲ್ಲೆಗಳಿಗೆ ಅದು ಹೇಗೆ ಅನ್ವಯಿಸುತ್ತದೆ?

2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆ ಕೊಚ್ಚಿಹೋದಾಗ ಜನ ಕಾಳಜಿ ಕೇಂದ್ರಗಳಲ್ಲಿ ಉಳಿಯಬೇಕಾಯಿತು. ಶಾಲೆಯ ಕೋಣೆಯಲ್ಲೋ ಸಮುದಾಯ ಭವನದಲ್ಲೋ ಇದ್ದಕ್ಕಿದ್ದಂತೆ ಹತ್ತಾರು ಕುಟುಂಬಗಳು ಸೇರಿದಾಗ ಎದುರಾಗುವ ಪ್ರಶ್ನೆಗಳು ಜಗತ್ತಿನ ಯಾವ ಶಿಬಿರದಲ್ಲಾದರೂ ಒಂದೇ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಎಷ್ಟು ಜನರಿಗೆ ಒಂದು ಶೌಚಾಲಯ, ಹೆಣ್ಣುಮಕ್ಕಳು ಸ್ನಾನ ಮಾಡುವುದೆಲ್ಲಿ, ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪವಿದೆಯೇ?

ತುರ್ತು ಪರಿಸ್ಥಿತಿ ಗುಡ್ಡ ಕುಸಿದಾಗ ಮಾತ್ರ ಬರುವುದೂ ಅಲ್ಲ. ಕಡೂರು, ಅರಸೀಕೆರೆ ಕಡೆ ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ಬಂದ ದಿನವಷ್ಟೇ ಬಿಂದಿಗೆ ತುಂಬುವ ಬೇಸಿಗೆಯೂ ನಿಧಾನವಾಗಿ ಬರುವ ತುರ್ತು ಪರಿಸ್ಥಿತಿಯೇ. ಸುರಕ್ಷಿತ ಕುಡಿಯುವ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ನಿರ್ಣಯ ಅಂಗೀಕರಿಸಿದೆ. ಆ ಹಕ್ಕು ಶಿಬಿರದಲ್ಲಿರುವವರಿಗೆ ಎಷ್ಟೋ, ತಾಂಡಾದಲ್ಲಿ ಮತ್ತು ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆಯಲ್ಲಿ) ಇರುವವರಿಗೂ ಅಷ್ಟೇ.

ದುರ್ಬಲ ಸಮುದಾಯ ಎಂದರೆ ಯಾರು? ಬಿಪಿಎಲ್ ಪಟ್ಟಿ ನೋಡಿದರೆ ಸಾಲದೇ?

ಸಾಲದು. ಪಟ್ಟಿಯಲ್ಲಿ ಹೆಸರೇ ಇಲ್ಲದವರು ಎಷ್ಟೋ ಸಲ ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುತ್ತಾರೆ. ಕಾಫಿ ಕೊಯ್ಲಿಗೆಂದು ಅಸ್ಸಾಂ, ಜಾರ್ಖಂಡ್ ಅಥವಾ ಉತ್ತರ ಕರ್ನಾಟಕದಿಂದ ಬಂದು ಕೆಲವು ತಿಂಗಳು ಲೈನ್ ಮನೆಗಳಲ್ಲಿ ಉಳಿಯುವ ಕುಟುಂಬಗಳ ಪಡಿತರ ಚೀಟಿ ಇಲ್ಲಿನದಲ್ಲ, ಮತವೂ ಇಲ್ಲಿಲ್ಲ. ಹೀಗಾಗಿ ಗ್ರಾಮಸಭೆಯಲ್ಲಿ ಅವರ ಪರವಾಗಿ ಮಾತಾಡುವವರು ಸಿಗುವುದು ಅಪರೂಪ. ತೋಟದ ಕೆಲಸಗಾರರಿಗೆ ಕುಡಿಯುವ ನೀರು ಮತ್ತು ಶೌಚಾಲಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ಆದ್ದರಿಂದ ಲೈನ್ ಮನೆಗಳು ಪಂಚಾಯಿತಿಯ ಕೆಲಸವಲ್ಲ ಎಂದು ಪಂಚಾಯಿತಿ ಕೈಬಿಡುವುದೂ, ಸರ್ಕಾರಿ ಯೋಜನೆ ಬರಲಿ ಎಂದು ಮಾಲೀಕರು ಕಾಯುವುದೂ ನಡೆಯುತ್ತದೆ. ಮೌಲ್ಯಮಾಪನ ಮಾಡುವವರು ಈ ನಡುವಣ ಜಾಗವನ್ನೇ ಮೊದಲು ಹುಡುಕಿಕೊಂಡು ಹೋಗಬೇಕು.

ಅರಣ್ಯದಂಚಿನ ಗಿರಿಜನ ಹಾಡಿಗಳು, ಲಂಬಾಣಿ ತಾಂಡಾಗಳು, ಗೊಲ್ಲರಹಟ್ಟಿಗಳು, ಹಕ್ಕಿಪಿಕ್ಕಿ ಕಾಲೊನಿಗಳು, ಊರಿನ ಪೈಪಿನ ತುದಿಯಲ್ಲಿರುವ ಪರಿಶಿಷ್ಟ ಜಾತಿಯ ಬೀದಿಗಳು ಈ ಪಟ್ಟಿಗೆ ಸೇರುತ್ತವೆ. ಒಂದು ಸಮುದಾಯದ ಒಳಗೂ ಎಲ್ಲರೂ ಸಮಾನರಲ್ಲ: ನಡೆಯಲಾಗದ ವೃದ್ಧರು, ಅಂಗವಿಕಲರು, ಬಾಣಂತಿಯರು, ಒಂಟಿಯಾಗಿ ಮನೆ ನಡೆಸುವ ಹೆಂಗಸರು ಒಂದೇ ನಲ್ಲಿಯ ನೀರನ್ನು ಒಂದೇ ರೀತಿ ಪಡೆಯುವುದಿಲ್ಲ.

ಯಾವ ಮಾನದಂಡದಿಂದ ಅಳೆಯಬೇಕು?

1994ರ ಜುಲೈಯಲ್ಲಿ ರುವಾಂಡಾದ ಲಕ್ಷಾಂತರ ಜನ ಗಡಿ ದಾಟಿ ಇಂದಿನ ಕಾಂಗೋದ ಗೋಮಾ ಪಟ್ಟಣದ ಸುತ್ತ ಬೀಡುಬಿಟ್ಟಾಗ, ಕಾಲರಾ ಮತ್ತು ಆಮಶಂಕೆಯಿಂದ ಮೊದಲ ಒಂದು ತಿಂಗಳಲ್ಲೇ ಸುಮಾರು 50,000 ಜನ ಸತ್ತರು. ನೆರವು ನೀಡಲು ಬಂದ ಸಂಸ್ಥೆಗಳಿಗೆ ಕೊರತೆಯಿರಲಿಲ್ಲ. ಕನಿಷ್ಠ ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬ ಒಮ್ಮತವಿರಲಿಲ್ಲ. ಆ ದುರಂತದ ಜಂಟಿ ಮೌಲ್ಯಮಾಪನ 1996ರಲ್ಲಿ ಪ್ರಕಟವಾಯಿತು, ಮರುವರ್ಷವೇ ನೆರವಿಗೆ ಕನಿಷ್ಠ ಮಾನದಂಡಗಳನ್ನು ರೂಪಿಸುವ ಸ್ಫಿಯರ್ ಯೋಜನೆ ಶುರುವಾಯಿತು. ಒಂದು ಮೌಲ್ಯಮಾಪನ ವರದಿ ಜಗತ್ತಿನ ನೆರವಿನ ಪದ್ಧತಿಯನ್ನೇ ತಿದ್ದಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸ್ಫಿಯರ್ ಕೈಪಿಡಿಯ 2018ರ ಆವೃತ್ತಿಯ ಪ್ರಕಾರ ತುರ್ತು ಸಂದರ್ಭದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು, ಮನೆಯಿಂದ ನೀರಿನ ಜಾಗ 500 ಮೀಟರಿಗಿಂತ ದೂರವಿರಬಾರದು, ಸರದಿಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಕಾಯುವಂತಾಗಬಾರದು, ಒಂದು ನಲ್ಲಿಯನ್ನು 250ಕ್ಕಿಂತ ಹೆಚ್ಚು ಜನ ಅವಲಂಬಿಸಬಾರದು. ಶೌಚಾಲಯ ಆರಂಭದ ದಿನಗಳಲ್ಲಿ 50 ಜನರಿಗೆ ಒಂದಾದರೂ, ಆಮೇಲೆ 20 ಜನರಿಗೆ ಒಂದು ಇರಬೇಕು, ಮನೆಯಿಂದ 50 ಮೀಟರ್ ಒಳಗಿರಬೇಕು, ಮತ್ತು ಸಾರ್ವಜನಿಕ ಶೌಚಾಲಯಗಳಲ್ಲಿ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರಿರಬೇಕು. ಮಾಮೂಲಿ ದಿನಗಳಲ್ಲಿ ನಮ್ಮ ಹಳ್ಳಿಗಳಿಗೆ ಅನ್ವಯಿಸುವ ಅಳತೆ ಇದಕ್ಕಿಂತ ಹೆಚ್ಚಿನದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯುವ ಯೋಜನೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ಗುಣಮಟ್ಟದ ನೀರನ್ನು ಮನೆಬಾಗಿಲಿಗೇ ಕೊಡಬೇಕೆನ್ನುತ್ತದೆ.

ಅಂಕಿಗಳನ್ನು ಕುರುಡಾಗಿ ಅನ್ವಯಿಸಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ಕಾಡಾನೆಗಳು ಓಡಾಡುವ ತೋಟಗಳಲ್ಲಿ, ಶೌಚಾಲಯ ಮನೆಯಿಂದ 50 ಮೀಟರ್ ಒಳಗೇ ಇದ್ದರೂ ಸಂಜೆ ಆರರ ಮೇಲೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಕಾಗದದ ಮೇಲೆ ಮಾನದಂಡ ಪಾಲನೆಯಾಗಿದೆ, ಬದುಕಿನಲ್ಲಿ ಆಗಿಲ್ಲ. ಇದನ್ನು ‘ಪಾಲಿಸಲಾಗಿದೆ’ ಎಂದು ಬರೆಯುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ವರದಿಯಲ್ಲಿ ಆರು ಮಾನದಂಡಗಳ ಪ್ರಕಾರ ಬರೆಯಿರಿ ಎಂದು ಹಣ ಕೊಟ್ಟವರು ಕೇಳುತ್ತಾರೆ. ಅವು ಯಾವುವು?

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಅಭಿವೃದ್ಧಿ ನೆರವು ಸಮಿತಿ ರೂಪಿಸಿದವು ಅವು: ಪ್ರಸ್ತುತತೆ, ಹೊಂದಾಣಿಕೆ, ಪರಿಣಾಮಕಾರಿತ್ವ, ದಕ್ಷತೆ, ದೀರ್ಘಕಾಲದ ಪ್ರಭಾವ ಮತ್ತು ಬಾಳಿಕೆ. ‘ಹೊಂದಾಣಿಕೆ’ ಸೇರಿದ್ದು 2019ರಲ್ಲಿ. ಒಂದೇ ಊರಿಗೆ ಎರಡು ಸಂಸ್ಥೆಗಳು ಒಂದೇ ಬಗೆಯ ಬಕೆಟ್ ಹಂಚಿ, ಪಕ್ಕದ ಊರಿಗೆ ಯಾರೂ ಹೋಗದಿದ್ದರೆ ಅದು ಈ ತಲೆಬರಹದ ಅಡಿಯಲ್ಲಿ ಬರುತ್ತದೆ. ಆರಕ್ಕೂ ಸಮ ಪುಟಗಳನ್ನು ಹಂಚಬೇಕಿಲ್ಲ. ಆ ಕಾರ್ಯಕ್ರಮದಲ್ಲಿ ಯಾವ ಪ್ರಶ್ನೆ ಜನರಿಗೆ ಮುಖ್ಯವೋ ಅದಕ್ಕೆ ಹೆಚ್ಚು ಜಾಗ ಕೊಡಿ.

ನೀರಿನ ಗುಣಮಟ್ಟವನ್ನು ಎಲ್ಲಿ ಪರೀಕ್ಷಿಸಬೇಕು? ಟ್ಯಾಂಕಿನಲ್ಲೇ, ನಲ್ಲಿಯಲ್ಲೇ, ಮನೆಯಲ್ಲೇ?

ಮೂರೂ ಕಡೆ. ಇವುಗಳಲ್ಲಿ ಮನೆಯೊಳಗಿನ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು.

ಒಂದು ಲೈನ್ ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಮುಂದಿನ ನಲ್ಲಿಯಿಂದ ಸಣ್ಣ ಗಾಜಿನ ಕೊಳವೆಗೆ ನೀರು ಹಿಡಿದು, ಕ್ಲೋರಿನ್ ಪತ್ತೆಹಚ್ಚುವ ಡಿಪಿಡಿ ಮಾತ್ರೆ ಹಾಕಿದರೆ, ನೀರು ನಸುಗೆಂಪಾಗಿ ತಿರುಗುತ್ತದೆ. ಬಣ್ಣದ ಪಟ್ಟಿಗೆ ಹೋಲಿಸಿದಾಗ ಉಳಿಕೆ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ನಡುವೆ ಇದ್ದರೆ ಸ್ಫಿಯರ್ ಅಳತೆಯಂತೆ ಎಲ್ಲವೂ ಸರಿ. ಅದೇ ನಲ್ಲಿಯಿಂದ ಬೆಳಿಗ್ಗೆ ತುಂಬಿಸಿ ಒಲೆಯ ಪಕ್ಕದಲ್ಲಿಟ್ಟ ಕೊಡದ ನೀರನ್ನು ಸಂಜೆ ಪರೀಕ್ಷಿಸಿದರೆ ಬಣ್ಣವೇ ಬರದಿರಬಹುದು. ಆಗ ಕೊಡದ ಸುತ್ತ ಸುಮ್ಮನೆ ಕಣ್ಣಾಡಿಸಬೇಕು. ಕೊಡಕ್ಕೆ ಮುಚ್ಚಳವಿದೆಯೇ? ನೀರು ತೆಗೆಯಲು ಹಿಡಿಯಿರುವ ಸೌಟಿದೆಯೇ ಅಥವಾ ಕುಡಿಯುವ ಲೋಟವನ್ನೇ ಬೆರಳುಸಹಿತ ಅದ್ದುತ್ತಾರೆಯೇ? ಕೊಡದ ಒಳಮೈಯನ್ನು ಮುಟ್ಟಿ ನೋಡಿದರೆ ಲೋಳೆ ಹತ್ತುತ್ತದೆಯೇ? ಸ್ಫಿಯರ್ ಕೈಪಿಡಿ ಪ್ರತಿ ಕುಟುಂಬಕ್ಕೂ 10ರಿಂದ 20 ಲೀಟರಿನ ಎರಡು ಪಾತ್ರೆಗಳು, ಒಂದು ತರಲು ಮತ್ತೊಂದು ತುಂಬಿಡಲು, ಇರಬೇಕೆನ್ನುವುದು ಈ ಕಾರಣಕ್ಕೇ. ನಲ್ಲಿಯ ಫಲಿತಾಂಶವನ್ನಷ್ಟೇ ವರದಿಯಲ್ಲಿ ಬರೆದರೆ ಮಗು ಕುಡಿದ ನೀರಿನ ಬಗ್ಗೆ ನಾವು ಏನನ್ನೂ ಹೇಳಿದಂತಾಗುವುದಿಲ್ಲ.

ಕ್ಲೋರಿನ್ ಬೆರೆಸಿದ ಮೇಲೆ ಅದು ಕೆಲಸ ಮಾಡಲು ಕನಿಷ್ಠ 30 ನಿಮಿಷ ಬೇಕು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ತಕ್ಷಣವೇ ವಾಲ್ವ್ ತಿರುಗಿಸುವ ಅಭ್ಯಾಸವಿದೆಯೇ ಎಂದು ನೀರುಗಂಟಿಯನ್ನು ಆಕ್ಷೇಪಣೆಯ ದನಿಯಿಲ್ಲದೆ ಕೇಳಿ ತಿಳಿಯಿರಿ. ಪೌಡರಿನ ಚೀಲ ಎಲ್ಲಿಟ್ಟಿದ್ದಾರೆ ಎಂದೂ ನೋಡಬೇಕು. ಮಲೆನಾಡಿನ ಮಳೆಗಾಲದ ಥಂಡಿಗೆ ಬಾಯಿ ತೆರೆದಿಟ್ಟ ಚೀಲದ ಶಕ್ತಿ ಬೇಗ ಇಳಿದುಹೋಗುತ್ತದೆ. ಪ್ರಮಾಣ ಸರಿಯಿದ್ದರೂ ಪರಿಣಾಮ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮದು ಗುಡ್ಡದಿಂದ ಗ್ರಾವಿಟಿಯಲ್ಲಿ ಬರುವ ಅಬ್ಬಿ ನೀರು. ಅದು ಶುದ್ಧವೇ ಅಲ್ಲವೇ?

ಮೂಲದಲ್ಲಿ ಬಹಳ ಸಲ ಒಳ್ಳೆಯದೇ ಇರುತ್ತದೆ, ಆದರೆ ಪರೀಕ್ಷೆಯಿಲ್ಲದೆ ಹಾಗೆನ್ನುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಮಣ್ಣುಗೂಡಿ ಬರುತ್ತದೆ, ಮತ್ತು ಕದಡಿದ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕದಡಿನ ಪ್ರಮಾಣ 5 ಎನ್‌ಟಿಯು (ಕದಡನ್ನು ಅಳೆಯುವ ಮಾನ) ಒಳಗಿರಬೇಕೆಂಬ ನಿಯಮ ಇರುವುದು ಇದಕ್ಕಾಗಿ. ಡಿಸೆಂಬರ್, ಜನವರಿಯಲ್ಲಿ ಮೇಲಿನ ತೋಟಗಳಲ್ಲಿ ಕಾಫಿ ಹಣ್ಣಿನ ಪಲ್ಪಿಂಗ್ (ಸಿಪ್ಪೆ ತೆಗೆದು ತೊಳೆಯುವ ಕೆಲಸ) ನಡೆಯುವಾಗ ಅದರ ಕೊಳಕು ನೀರು ಹಳ್ಳಕ್ಕೆ ಸೇರುತ್ತದೆಯೇ ಎಂದು ಮೇಲ್ಭಾಗದವರೆಗೆ ನಡೆದು ನೋಡಬೇಕು. ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಹಳ್ಳಿಗಳಲ್ಲಿ ಬಳಸುವ ಹೈಡ್ರೋಜನ್ ಸಲ್ಫೈಡ್ ಬಾಟಲಿಯಲ್ಲಿ ನೀರು ಕಪ್ಪಾದರೆ ಅಪಾಯದ ಸೂಚನೆ. ಆದರೆ ಜುಲೈ ತಿಂಗಳ ಚಳಿಯಲ್ಲಿ ಬಣ್ಣ ತಿರುಗುವುದು ತಡವಾಗುತ್ತದೆ, ಆದ್ದರಿಂದ ಬಾಟಲಿಯನ್ನು ಬೆಚ್ಚಗಿನ ಜಾಗದಲ್ಲಿಟ್ಟು ಪೂರ್ತಿ 48 ಗಂಟೆ ಕಾಯಿರಿ. ಅನುಮಾನ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಭಾರತೀಯ ಮಾನಕ 10500ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಮಲದ ಸೋಂಕನ್ನು ಸೂಚಿಸುವ ಇ. ಕೊಲೈ ಬ್ಯಾಕ್ಟೀರಿಯಾ ಒಂದೂ ಕಾಣಬಾರದು.

ಬಯಲುಸೀಮೆಯ ತಾಲ್ಲೂಕುಗಳಲ್ಲಿ ಏನನ್ನು ವಿಶೇಷವಾಗಿ ನೋಡಬೇಕು?

ಫ್ಲೋರೈಡ್. ಅರಸೀಕೆರೆ, ಕಡೂರು ಕಡೆಯ ಆಳದ ಕೊಳವೆಬಾವಿಗಳ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಬ್ಯಾಕ್ಟೀರಿಯಾ ಪರೀಕ್ಷೆಯಲ್ಲೂ ಪಾಸಾಗಬಹುದು, ಆದರೆ ವರ್ಷಾನುಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡಿ, ಮುಂದೆ ಮೂಳೆ ಕೀಲುಗಳಿಗೂ ತೊಂದರೆಯಾಗಬಹುದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ಕುದಿಸಿದರೆ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಕುದಿಸಿದಾಗ ನೀರು ಆವಿಯಾಗಿ ಫ್ಲೋರೈಡ್ ಸಾಂದ್ರವಾಗುತ್ತದೆ.

ಬಾಂಗ್ಲಾದೇಶದ ಅನುಭವ ಇಲ್ಲಿ ನೆನಪಿಗೆ ಬರಬೇಕು. ಕೆರೆಕಟ್ಟೆಗಳ ಮಲಿನ ನೀರಿನಿಂದ ಬರುವ ಭೇದಿಯನ್ನು ತಪ್ಪಿಸಲು 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೈಪಂಪು ಬಾವಿಗಳನ್ನು ಕೊರೆದರು. ರೋಗಾಣುಗಳ ದೃಷ್ಟಿಯಿಂದ ಅದು ಗೆದ್ದ ಕಾರ್ಯಕ್ರಮ. ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಯಾರೂ ಕೇಳಲಿಲ್ಲ, ಮತ್ತು 1990ರ ದಶಕದಲ್ಲಿ ಅದು ಬೆಳಕಿಗೆ ಬರುವ ಹೊತ್ತಿಗೆ ಕೋಟ್ಯಂತರ ಜನ ಆ ನೀರನ್ನೇ ಕುಡಿಯುತ್ತಿದ್ದರು. ಕಾರ್ಯಕ್ರಮದವರು ಕೇಳಿಕೊಳ್ಳದ ಪ್ರಶ್ನೆಯನ್ನು ಕೇಳುವುದು ಮೌಲ್ಯಮಾಪಕರ ಕರ್ತವ್ಯ.

ಶುದ್ಧ ಕುಡಿಯುವ ನೀರಿನ ಘಟಕ ಇರುವ ಕಡೆ, ಅದು ಎಷ್ಟು ದಿನದಿಂದ ನಡೆಯುತ್ತಿದೆ, ನೀರು ಸೋಸುವ ಮೆಂಬ್ರೇನ್ ಬದಲಿಸುವ ಹಣ ಯಾರದು, ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳಲು ಆಗದವರು ಏನು ಕುಡಿಯುತ್ತಾರೆ, ಗಾಡಿಯಿಲ್ಲದ ಅಜ್ಜಿಗೆ ಕ್ಯಾನ್ ತಂದುಕೊಡುವವರು ಯಾರು ಎಂದು ವಿಚಾರಿಸಿ. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಘಟಕದ ಬಳಿ ಸಿಗುವುದಿಲ್ಲ, ಅಲ್ಲಿಗೆ ಬಾರದವರ ಮನೆಯಲ್ಲಿ ಸಿಗುತ್ತದೆ.

ಶೌಚಾಲಯಗಳ ಸಂಖ್ಯೆ ಎಣಿಸಿದರೆ ನೈರ್ಮಲ್ಯದ ಮೌಲ್ಯಮಾಪನ ಆದಂತೆ ಅಲ್ಲವೇ?

ಒಡಿಶಾದ 100 ಹಳ್ಳಿಗಳಲ್ಲಿ ನಡೆದ ಮತ್ತು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳ ಪ್ರಮಾಣ ಶೇ 9ರಿಂದ ಶೇ 63ಕ್ಕೆ ಏರಿತು. ಆದರೂ ಮಕ್ಕಳ ಭೇದಿ ಕಡಿಮೆಯಾಗಲಿಲ್ಲ. ಕಟ್ಟಿದ ಶೌಚಾಲಯಗಳನ್ನು ಎಲ್ಲರೂ, ಎಲ್ಲ ಹೊತ್ತಿನಲ್ಲೂ ಬಳಸುತ್ತಿರಲಿಲ್ಲ ಎಂಬುದು ಆ ಅಧ್ಯಯನದಿಂದ ಕಂಡುಬಂದ ಮುಖ್ಯ ಸಂಗತಿಗಳಲ್ಲಿ ಒಂದು.

ಆದ್ದರಿಂದ ಬಾಗಿಲು ತೆರೆದು ನೋಡಬೇಕು. ಬಳಕೆಯಲ್ಲಿರುವ ಶೌಚಾಲಯಕ್ಕೆ ಹೋಗುವ ದಾರಿ ಸವೆದಿರುತ್ತದೆ, ಒಳಗೆ ಬಕೆಟ್ಟು ಮಗ್ಗು ಇರುತ್ತವೆ, ನೆಲ ಒದ್ದೆಯಿರುತ್ತದೆ. ಬಳಕೆಯಿಲ್ಲದ್ದರಲ್ಲಿ ಸೌದೆ, ಗೊಬ್ಬರದ ಚೀಲ, ಮುರಿದ ಸೈಕಲ್ ಇರುತ್ತವೆ. ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ಎಂಬ ಸಣ್ಣ ವಿಷಯವನ್ನು ಮರೆಯದೆ ನೋಡಿ; ಚಿಲಕವಿಲ್ಲದ ಶೌಚಾಲಯವನ್ನು ಹೆಣ್ಣುಮಕ್ಕಳು ಬಳಸುವುದಿಲ್ಲ, ಆದರೆ ಅದು ಯಾವ ಅಂಕಿಪಟ್ಟಿಯಲ್ಲೂ ಬರುವುದಿಲ್ಲ. ಬಳಸದವರನ್ನು ‘ಏಕೆ ಬಳಸುವುದಿಲ್ಲ’ ಎಂದು ತಪ್ಪಿತಸ್ಥರಂತೆ ಕೇಳಬೇಡಿ. ಗುಂಡಿ ಬೇಗ ತುಂಬೀತು ಎಂಬ ಭಯ, ನೀರು ಹೊತ್ತು ತರುವ ಕಷ್ಟ, ಮಾವನ ಎದುರು ಹೋಗಲು ಸೊಸೆಗಿರುವ ಸಂಕೋಚ, ಇವೆಲ್ಲವೂ ನಿಜವಾದ ಕಾರಣಗಳು.

ಗುಂಡಿ ಎಲ್ಲಿದೆ ಎಂಬುದೂ ಮುಖ್ಯ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲ ಮಟ್ಟಕ್ಕಿಂತ 1.5 ಮೀಟರ್ ಮೇಲೆ ಎಂಬುದು ಸ್ಫಿಯರ್ ನಿಯಮ. ಶೃಂಗೇರಿ, ಕೊಪ್ಪ, ಕಳಸದ ಮಳೆಗಾಲದಲ್ಲಿ ನೆಲದ ನೀರು ಮೇಲೇರಿ ಗುಂಡಿಗೇ ಬರುವ ಜಾಗಗಳಲ್ಲಿ ಈ ಎರಡನೆಯ ನಿಯಮ ಪಾಲನೆಯಾಗುವುದು ಕಷ್ಟ. ಬೇಸಿಗೆಯಲ್ಲಿ ಹೋದವರಿಗೆ ಅದು ಗೊತ್ತೇ ಆಗುವುದಿಲ್ಲ. ತುಂಬಿದ ಗುಂಡಿಯನ್ನು ಯಾರು, ಹೇಗೆ ಖಾಲಿ ಮಾಡುತ್ತಾರೆ ಎಂದೂ ಕೇಳಬೇಕು. ಮನುಷ್ಯರಿಂದ ಮಲ ಎತ್ತಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅಂಥದ್ದು ಎಲ್ಲಾದರೂ ನಡೆಯುತ್ತಿರುವುದು ಕಂಡರೆ ವರದಿ ಸಿದ್ಧವಾಗುವವರೆಗೆ ಕಾಯದೆ ಕೂಡಲೇ ತಿಳಿಸಬೇಕು.

ಕೈತೊಳೆಯುವ ಅಭ್ಯಾಸ ಬದಲಾಗಿದೆಯೇ ಎಂದು ಹೇಗೆ ತಿಳಿಯುವುದು?

‘ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುತ್ತೀರಾ’ ಎಂದು ಕೇಳಿದರೆ ಹೌದು ಎನ್ನದವರು ವಿರಳ. ಬಾಯಿಮಾತಿನ ಉತ್ತರ ನಿಜಕ್ಕಿಂತ ಹೆಚ್ಚಿರುತ್ತದೆ, ಮತ್ತು ಯಾರಾದರೂ ಎದುರು ಕುಳಿತು ಗಮನಿಸುತ್ತಿದ್ದರೂ ಜನ ಎಂದಿಗಿಂತ ಹೆಚ್ಚು ಸಲ ಕೈ ತೊಳೆಯುತ್ತಾರೆ ಎಂಬುದು ಹಲವು ದೇಶಗಳ ಅನುಭವ. ಇದಕ್ಕಿಂತ ನಂಬಬಹುದಾದ ದಾರಿ ಸರಳವಾಗಿದೆ: ‘ಮನೆಯವರು ಕೈ ತೊಳೆಯುವ ಜಾಗ ತೋರಿಸುತ್ತೀರಾ’ ಎಂದು ಕೇಳಿ, ಅಲ್ಲಿ ಆ ಕ್ಷಣದಲ್ಲಿ ನೀರು ಮತ್ತು ಸೋಪು ಎರಡೂ ಇವೆಯೇ ಎಂದು ನೋಡುವುದು. ಸೋಪು ಒಣಗಿ ಬಿರುಕು ಬಿಟ್ಟಿದ್ದರೆ ಅದೂ ಒಂದು ಉತ್ತರವೇ.

ಭೇದಿ ಪ್ರಕರಣ ಕಡಿಮೆಯಾಗಿದೆ ಎಂದು ತೋರಿಸಿದರೆ ಕಾರ್ಯಕ್ರಮ ಗೆದ್ದಂತೆಯೇ?

ಹಾಗೆ ಹೇಳಲು ಆತುರಪಡಬಾರದು. ಮಳೆಗಾಲದ ಅಂಕಿಯನ್ನು ಬೇಸಿಗೆಯ ಅಂಕಿಯೊಂದಿಗೆ ಹೋಲಿಸಿದರೆ ಕಾರ್ಯಕ್ರಮವೇ ಇಲ್ಲದ ಊರಿನಲ್ಲೂ ವ್ಯತ್ಯಾಸ ಕಾಣಬಹುದು. ತಾಯಂದಿರ ನೆನಪನ್ನು ಅವಲಂಬಿಸುವಾಗ ಕಳೆದ ಏಳು ದಿನಗಳ ಬಗ್ಗೆ ಮಾತ್ರ ಕೇಳಿ, ಮತ್ತು 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋಗಿದ್ದರೆ ಮಾತ್ರ ಭೇದಿ ಎಂದು ಎಣಿಸಿ. ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ನಡೆದು 2018 ಮತ್ತು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ನೀರು, ಶೌಚಾಲಯ, ಕೈತೊಳೆಯುವಿಕೆಗಳಿಂದ ಮಕ್ಕಳ ಎತ್ತರದ ಬೆಳವಣಿಗೆ ಸುಧಾರಿಸಲಿಲ್ಲ. ಭೇದಿ ಬಾಂಗ್ಲಾದೇಶದಲ್ಲಿ ಇಳಿಯಿತು, ಕೀನ್ಯಾದಲ್ಲಿ ಇಳಿಯಲಿಲ್ಲ. ಅಷ್ಟು ದೊಡ್ಡ ಅಧ್ಯಯನಗಳಿಗೇ ಹೀಗಾಗಿರುವಾಗ, ಒಂದು ಕಾಳಜಿ ಕೇಂದ್ರದ ಅಥವಾ ಎರಡು ತಾಂಡಾಗಳ ಕಾರ್ಯಕ್ರಮದಿಂದ ರೋಗ ಇಳಿಯಿತೆಂದು ಸಾಧಿಸಲು ಹೊರಡುವುದು ವ್ಯರ್ಥ. ಸುರಕ್ಷಿತ ನೀರು ಕುಡಿಯುವ ಪಾತ್ರೆಯವರೆಗೂ ತಲುಪಿತೇ, ಶೌಚಾಲಯ ಬಳಕೆಯಲ್ಲಿದೆಯೇ, ನೀರು ತರುವ ಹೆಂಗಸಿನ ದಿನದಲ್ಲಿ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಸರಿಯಾಗಿ ಅಳೆಯಿರಿ. ನೀರಿಗೆ ಅಲೆಯುವುದು ತಪ್ಪಿದರೆ, ರೋಗದ ಅಂಕಿ ಕದಲದಿದ್ದರೂ ಅದು ನಿಜವಾದ ಲಾಭ.

ಎಷ್ಟು ಮನೆಗಳಿಗೆ ಭೇಟಿ ಕೊಡಬೇಕು?

ಅರವತ್ತು ಮನೆಯ ತಾಂಡಾ ಆದರೆ ಎಲ್ಲ ಮನೆಗಳಿಗೂ ಹೋಗಿ, ಆಯ್ಕೆಯ ಲೆಕ್ಕಾಚಾರ ಬೇಡ. ಇಡೀ ತಾಲ್ಲೂಕಾದರೆ, ಲಸಿಕೆ ಸಮೀಕ್ಷೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಬಳಕೆಗೆ ತಂದ 30 ಗುಂಪು (ಹಳ್ಳಿ ಅಥವಾ ಬಡಾವಣೆ), ಗುಂಪಿಗೆ 7 ಮಕ್ಕಳು ಎಂಬಂಥ ವಿಧಾನಗಳಿವೆ. ಯಾವುದೇ ವಿಧಾನದಲ್ಲೂ ಮನೆಗಳನ್ನು ಚೀಟಿ ಎತ್ತಿಯೇ ಆರಿಸಬೇಕು. ರಸ್ತೆ ಬದಿಯ ಮನೆಗಳು, ಸದಸ್ಯರು ಕರೆದುಕೊಂಡು ಹೋಗಿ ತೋರಿಸುವ ಮನೆಗಳು ಯಾವಾಗಲೂ ಊರಿನ ಒಳ್ಳೆಯ ಮನೆಗಳೇ ಆಗಿರುತ್ತವೆ.

ಯಾವ ತಿಂಗಳಲ್ಲಿ ಮಾಡುವುದು ಒಳ್ಳೆಯದು?

ಸಾಧ್ಯವಾದರೆ ವರ್ಷದಲ್ಲಿ ಎರಡು ಸಲ. ಮಲೆನಾಡಿನಲ್ಲಿ ಒಂದು ಭೇಟಿ ಕರೆಂಟು ದಿನಗಟ್ಟಲೆ ಇಲ್ಲದ, ಮೋಟಾರ್ ನಿಂತಿರುವ ಮಳೆಗಾಲದಲ್ಲೂ, ಇನ್ನೊಂದು ಕೊಯ್ಲಿನ ಜನ ತುಂಬಿರುವ ಡಿಸೆಂಬರ್ ಅಥವಾ ಜನವರಿಯಲ್ಲೂ ಇರಲಿ. ಜುಲೈಯಲ್ಲಿ 20 ಜನರಿಗೆ ಒಂದರಂತೆ ಇದ್ದ ಶೌಚಾಲಯ ಜನವರಿಯಲ್ಲಿ 50 ಜನರಿಗೆ ಒಂದಾಗಿರಬಹುದು. ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳನ್ನು ತಪ್ಪಿಸಬೇಡಿ.

ಹೆಣ್ಣುಮಕ್ಕಳ ಮುಟ್ಟಿನ ಶುಚಿತ್ವದ ಬಗ್ಗೆ ಕೇಳುವುದು ಸೂಕ್ಷ್ಮ ವಿಷಯ. ಕೇಳದೆ ಬಿಡಬಹುದೇ?

ಬಿಡಬಾರದು. ಕಾಳಜಿ ಕೇಂದ್ರದಲ್ಲಿ ಅಕ್ಕಿ ಬೇಳೆ ಬಂದಿರುತ್ತದೆ, ಬಟ್ಟೆಯೊಗೆಯಲು ಮರೆಯಾದ ಜಾಗವಾಗಲಿ, ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿಯಾಗಲಿ ಇರುವುದಿಲ್ಲ. ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಿನ ಹೊರಗೆ ಇರಿಸುವ ಪದ್ಧತಿ ಇಂದಿಗೂ ಇದೆ. ಆ ದಿನಗಳಲ್ಲಿ ಅವರಿಗೆ ನೀರು ಮತ್ತು ಶೌಚಾಲಯ ಹೇಗೆ ಸಿಗುತ್ತದೆ ಎಂಬುದು ಮೌಲ್ಯಮಾಪನದೊಳಗೇ ಬರಬೇಕಾದ ಪ್ರಶ್ನೆ. ಕೇಳುವವರು ಹೆಂಗಸರೇ ಆಗಿರಬೇಕು, ಮಾತುಕತೆ ಗಂಡಸರ ಕಿವಿಗೆ ಬೀಳದ ಕಡೆ ನಡೆಯಬೇಕು, ಮತ್ತು ನಂಬಿಕೆಯನ್ನು ಹೀಯಾಳಿಸುವ ಒಂದು ಮಾತೂ ಬರಬಾರದು. ಊರಿನ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಯ ಪರಿಚಯದಿಂದ ಹೋದರೆ ಬಾಗಿಲು ಬೇಗ ತೆರೆಯುತ್ತದೆ, ಆದರೆ ಮಾತು ಶುರುವಾದ ಮೇಲೆ ಅವರೂ ದೂರ ಸರಿಯುವುದು ಒಳ್ಳೆಯದು.

ಜನರಿಂದ ಮಾಹಿತಿ ಪಡೆಯುವಾಗ ಯಾವ ಎಚ್ಚರಿಕೆಗಳಿರಬೇಕು?

ನಿಮ್ಮ ಪ್ರಶ್ನೆಗೆ ಉತ್ತರಿಸಿದ್ದರಿಂದ ಯಾರ ಕೆಲಸವೂ, ಮನೆಯೂ, ಮರ್ಯಾದೆಯೂ ಹೋಗಬಾರದು. ತೋಟದ ರೈಟರು (ಗುಮಾಸ್ತ) ಅಥವಾ ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಲೈನ್ ಮನೆಯ ಹೆಂಗಸೊಬ್ಬಳು ನೀರು ಸರಿಯಾಗಿ ಬರುತ್ತಿಲ್ಲ ಎನ್ನಲಾರಳು. ಪ್ರಶ್ನೆ ಕೇಳುವ ಮುಂಚೆ ನಾವು ಯಾರು, ಏಕೆ ಬಂದಿದ್ದೇವೆ, ಉತ್ತರ ಹೇಳಿದರೂ ಹೇಳದಿದ್ದರೂ ನೆರವು ನಿಲ್ಲುವುದಿಲ್ಲ, ಹೇಳಿದ್ದರಿಂದ ಹೊಸ ಸೌಲಭ್ಯ ಬರುತ್ತದೆಂಬ ಭರವಸೆಯೂ ಇಲ್ಲ ಎಂಬುದನ್ನು ಅವರ ಭಾಷೆಯಲ್ಲೇ ತಿಳಿಸಬೇಕು. ಲಂಬಾಣಿ, ವಾಗ್ರಿ ಅಥವಾ ಅಸ್ಸಾಮಿ ಮಾತಾಡುವವರಿಗೆ ಕನ್ನಡದ ಒಪ್ಪಿಗೆ ಪತ್ರ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗುವುದಿಲ್ಲ. ಮಕ್ಕಳ, ಶೌಚಾಲಯದ ಒಳಗಿನ ಮತ್ತು ಸಂಕಟದಲ್ಲಿರುವವರ ಫೋಟೊಗಳನ್ನು ಮುಖ ಕಾಣುವಂತೆ ತೆಗೆಯಬೇಡಿ. ಕೊಡದ ನೀರು ಮಲಿನವಾಗಿದೆ ಎಂದು ಪರೀಕ್ಷೆಯಲ್ಲಿ ಕಂಡಾಗ, ಅದನ್ನು ಬರೆದುಕೊಂಡು ಸುಮ್ಮನೆ ಎದ್ದುಬರುವುದು ತಪ್ಪು. ಏನು ಮಾಡಬೇಕೆಂದು ಆ ಮನೆಯವರಿಗೆ ಅಲ್ಲೇ ಹೇಳಿ ಬರಬೇಕು.

ಕಾರ್ಯಕ್ರಮ ನಡೆಸಿದ ಸಂಸ್ಥೆಯವರೇ ಮೌಲ್ಯಮಾಪನ ಮಾಡಬಹುದೇ?

ಕಲಿಯಲಿಕ್ಕಾಗಿ ಮಾಡಿಕೊಳ್ಳಬಹುದು, ಮತ್ತು ಮಾಡಿಕೊಳ್ಳಬೇಕು. ಹೊರಗಿನವರಿಗೆ ಉತ್ತರ ಕೊಡಬೇಕಾದ ಮೌಲ್ಯಮಾಪನವನ್ನು ಮಾತ್ರ ಹಿತಾಸಕ್ತಿ ಇಲ್ಲದವರು ಮಾಡಬೇಕು. ಹೊರಗಿನ ತಂಡದಲ್ಲಿ ಒಬ್ಬರಾದರೂ ಸ್ಥಳೀಯ ಹೆಂಗಸು ಇರಲಿ. ನೀರು ಬಿಡುವ ದಿನ ಯಾವುದು, ಯಾವ ಮನೆಯವರು ಯಾವ ಬಾವಿಗೆ ಹೋಗುವುದಿಲ್ಲ ಎಂಬುದು ಅವರಿಗೆ ಕೇಳದೆಯೇ ಗೊತ್ತಿರುತ್ತದೆ.

ಫಲಿತಾಂಶ ಚೆನ್ನಾಗಿಲ್ಲದಿದ್ದರೆ ವರದಿಯನ್ನು ಯಾರಿಗೆ ಕೊಡಬೇಕು?

ಹಣ ಕೊಟ್ಟವರಿಗೆ, ಪಂಚಾಯಿತಿಗೆ, ಮತ್ತು ಅಷ್ಟೇ ಕಡ್ಡಾಯವಾಗಿ ಉತ್ತರ ಕೊಟ್ಟ ಜನರಿಗೆ. ಮಾನವೀಯ ನೆರವಿನ ಮೂಲ ಮಾನದಂಡದ (ಕೋರ್ ಹ್ಯುಮಾನಿಟೇರಿಯನ್ ಸ್ಟ್ಯಾಂಡರ್ಡ್) ಒಂಬತ್ತು ಬದ್ಧತೆಗಳಲ್ಲಿ, ಜನರಿಗೆ ಮಾಹಿತಿ ಕೊಡುವುದು ಮತ್ತು ಅವರ ದೂರುಗಳಿಗೆ ಸ್ಪಂದಿಸುವುದು ಸೇರಿವೆ. ಎಂಬತ್ತು ಪುಟಗಳ ಇಂಗ್ಲಿಷ್ ವರದಿ ತಾಂಡಾಕ್ಕೆ ತಲುಪಿದರೂ ಪ್ರಯೋಜನವಿಲ್ಲ. ಸಂಜೆ ಕೆಲಸದಿಂದ ಬಂದ ಮೇಲೆ ಜನ ಸೇರುವ ಜಾಗದಲ್ಲಿ, ಏನು ಕಂಡುಬಂತು, ಅದರಲ್ಲಿ ಪಂಚಾಯಿತಿ ಏನು ಮಾಡಬೇಕು, ಮನೆಯವರು ಏನು ಮಾಡಬಹುದು ಎಂದು ಅರ್ಧ ಗಂಟೆ ಹೇಳಿ, ‘ಇದು ಸರಿಯೇ’ ಎಂದು ಅವರನ್ನೇ ಕೇಳಬೇಕು. ಅವರು ತಿದ್ದಿದ್ದನ್ನು ಅಂತಿಮ ವರದಿಯಲ್ಲಿ ಸೇರಿಸಬೇಕು. ಚೆನ್ನಾಗಿಲ್ಲದ ಫಲಿತಾಂಶವನ್ನು ಮೆದುಗೊಳಿಸಿ ಬರೆಯುವ ಒತ್ತಡ ಬಂದೇ ಬರುತ್ತದೆ; ಹೆಸರುಗಳನ್ನು ಮರೆಮಾಡಬಹುದು, ಸಂಗತಿಯನ್ನು ಮರೆಮಾಡಬಾರದು.

ಕಾರ್ಯಕ್ರಮ ಮುಗಿದು ಎರಡು ವರ್ಷವಾದ ಮೇಲೆ ಹೋಗಿ ನೋಡುವುದರಲ್ಲಿ ಅರ್ಥವಿದೆಯೇ?

ಬಾಳಿಕೆಯ ಬಗ್ಗೆ ನಂಬುವಂಥ ಉತ್ತರ ಸಿಗುವುದು ಆಗಲೇ. ಆ ಭೇಟಿಯಲ್ಲಿ ಮೊದಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ನಡಾವಳಿ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ನೋಡಿ: ಕೊನೆಯ ಸಭೆ ಯಾವಾಗ ನಡೆದಿದೆ, ನೀರಿನ ಕರ ಎಷ್ಟು ಮನೆಗಳಿಂದ ಬರುತ್ತಿದೆ, ನೀರುಗಂಟಿಗೆ ಸಂಬಳ ಎಷ್ಟು ತಿಂಗಳು ಬಾಕಿಯಿದೆ, ಮೋಟಾರ್ ಸುಟ್ಟಾಗ ದುರಸ್ತಿಗೆ ಎಷ್ಟು ದಿನ ಹಿಡಿಯಿತು, ಆ ದಿನಗಳಲ್ಲಿ ಜನ ಯಾವ ನೀರು ಕುಡಿದರು. ಆಮೇಲೆ ಮೊದಲ ಮೌಲ್ಯಮಾಪನದಲ್ಲಿ ಭೇಟಿ ಕೊಟ್ಟ ಮನೆಗಳಿಗೇ ಹೋಗಿ, ನಲ್ಲಿಯ ನೀರನ್ನೂ ಕೊಡದ ನೀರನ್ನೂ ಅದೇ ಡಿಪಿಡಿ ಮಾತ್ರೆಯಿಂದ ಪರೀಕ್ಷಿಸಿ. ಮನೆ ಬೀಗ ಹಾಕಿದ್ದರೆ, ಆ ಕುಟುಂಬ ಎಲ್ಲಿಗೆ ಹೋಯಿತು ಮತ್ತು ಹೋಗಲು ನೀರಿನ ತೊಂದರೆಯೂ ಕಾರಣವಾಗಿತ್ತೇ ಎಂದು ಪಕ್ಕದ ಮನೆಯವರನ್ನು ಕೇಳಿ ಬರೆದುಕೊಳ್ಳಿ.